ಜ್ಯಾಬಿಕ್ಸ್ ಹಾಕಿದ ಮೇಲೆ ಡೇಟಾಬೇಸ್ ತಕರಾರಾ? ಮೊದಲು ಲಾಗ್ ನೋಡಿ

ಜ್ಯಾಬಿಕ್ಸ್ ಅಂದ್ರೆ ಸರ್ವರ್, ನೆಟ್‌ವರ್ಕ್‌ಗಳ ಮೇಲೆ ಕಣ್ಣಿಡೋ ಸಾಫ್ಟ್‌ವೇರ್. ಅದರ ವೆಬ್ ಪುಟ ತೆರೆಯುತ್ತದೆ, ಆದರೆ ಜ್ಯಾಬಿಕ್ಸ್ ಸರ್ವರ್ ಓಡುತ್ತಿಲ್ಲ ಅನ್ನೋ ಎಚ್ಚರಿಕೆ ಹೋಗೋದೇ ಇಲ್ಲ ಅಂತಿದ್ರೆ, ಸುಮ್ನೆ ಎಲ್ಲಾ ಕಿತ್ತು ಮತ್ತೆ ಇನ್‌ಸ್ಟಾಲ್ ಮಾಡಬೇಡಿ. ಸರ್ವರ್ ತನ್ನ ಎರರ್‌ಗಳನ್ನು ಬರೆದಿಡೋ ಲಾಗ್ ಫೈಲ್‌ನ ಕೊನೆಯ ಸಾಲುಗಳನ್ನು ಓದಿ.

'ಆಕ್ಸೆಸ್ ಡಿನೈಡ್' ಅಂತಿದ್ದರೆ ಹೆಚ್ಚಾಗಿ ಪಾಸ್‌ವರ್ಡ್‌ನದೇ ಸಮಸ್ಯೆ. ಸೆಟಪ್ ಪುಟದಲ್ಲಿ ಕೊಟ್ಟಿದ್ದೀವಲ್ಲ ಅನ್ನಿಸುತ್ತೆ, ಅಲ್ವಾ? ಅದು ವೆಬ್ ಭಾಗಕ್ಕೆ ಮಾತ್ರ. ಸರ್ವರ್ ಓದೋದು ತನ್ನದೇ ಕಾನ್ಫಿಗ್ ಫೈಲ್. ಅದರಲ್ಲಿ ಡಿಬಿಪಾಸ್‌ವರ್ಡ್ ಸಾಲಿನ ಮುಂದೆ ಹ್ಯಾಶ್ ಗುರುತು ಇರುತ್ತದೆ, ಅದನ್ನು ತೆಗೆದು ಸರಿಯಾದ ಪಾಸ್‌ವರ್ಡ್ ಬರೆದು ಸರ್ವೀಸ್ ರೀಸ್ಟಾರ್ಟ್ ಮಾಡಿ.

ಟೇಬಲ್ ಇಲ್ಲ ಅಥವಾ ಯೂಸರ್ಸ್ ಟೇಬಲ್ ಖಾಲಿ ಅಂತ ಬಂದರೆ ಸ್ಕೀಮಾ (ಜ್ಯಾಬಿಕ್ಸ್‌ಗೆ ಬೇಕಾದ ಟೇಬಲ್‌ಗಳ ರಚನೆ) ಇಂಪೋರ್ಟ್ ಆಗಿಲ್ಲ ಅಥವಾ ಅರ್ಧಕ್ಕೆ ನಿಂತಿದೆ. ಮೈಎಸ್‌ಕ್ಯೂಎಲ್ 8ರಲ್ಲಿ ಬೈನರಿ ಲಾಗ್ (ಡೇಟಾಬೇಸ್ ಬದಲಾವಣೆಗಳ ದಾಖಲೆ) ಮೊದಲಿನಿಂದಲೇ ಆನ್ ಇರುತ್ತದೆ, ಹಾಗಾಗಿ ಇಂಪೋರ್ಟ್ ವೇಳೆ ಸಾಮಾನ್ಯ ಯೂಸರ್ ಟ್ರಿಗರ್ (ಡೇಟಾ ಬದಲಾದಾಗ ತಾನಾಗೇ ಓಡೋ ಕೋಡ್) ಮಾಡಲು ಹೋದರೆ 1419 ಎರರ್ ಬರುತ್ತದೆ. ಮೈಎಸ್‌ಕ್ಯೂಎಲ್‌ಗೆ ರೂಟ್ ಆಗಿ ಲಾಗಿನ್ ಆಗಿ ಲಾಗ್_ಬಿನ್_ಟ್ರಸ್ಟ್_ಫಂಕ್ಷನ್_ಕ್ರಿಯೇಟರ್ಸ್ ಅನ್ನೋ ಸೆಟ್ಟಿಂಗ್ ಅನ್ನು 1 ಮಾಡಿ. ಅರೆಬರೆ ಡೇಟಾಬೇಸ್ ಡ್ರಾಪ್ ಮಾಡಿ, ಯುಟಿಎಫ್8ಎಂಬಿ4 ಕ್ಯಾರೆಕ್ಟರ್ ಸೆಟ್, ಯುಟಿಎಫ್8ಎಂಬಿ4_ಬಿನ್ ಕೊಲೇಷನ್ ಇಟ್ಟು ಹೊಸದು ಮಾಡಿ, ಆಮೇಲೆ ಇಂಪೋರ್ಟ್ ಕೊಡಿ. ಪರದೆಯ ಮೇಲೆ ಏನೂ ಕಾಣದೆ ಕೆಲವು ನಿಮಿಷ ಸುಮ್ಮನಿರುತ್ತದೆ. ಹ್ಯಾಂಗ್ ಆಯ್ತು ಅಂತ ಕಂಟ್ರೋಲ್ ಸಿ ಒತ್ತಬೇಡಿ, ಎಷ್ಟೋ ಸಲ ಕೆಡೋದೇ ಇಲ್ಲಿ. ಮುಗಿದ ಮೇಲೆ ಆ ಸೆಟ್ಟಿಂಗ್ ಅನ್ನು ಮರೆಯದೆ ಮತ್ತೆ 0 ಮಾಡಿ.

ಡ್ರಾಪ್ ಮಾಡೋದು ಹೊಸ ಇನ್‌ಸ್ಟಾಲ್‌ನಲ್ಲಿ ಮಾತ್ರ. ಹಳೆಯ ಡೇಟಾ ಇದ್ದರೆ ಬ್ಯಾಕಪ್ ತೆಗೆಯದೆ ಕೈ ಹಾಕಲೇಬೇಡಿ.