ಬಾಯಲ್ಲಿ ಹೇಳಿ ಬರೆದ ಸ್ಮರಣ ಸಂಚಿಕೆ

ನಮ್ಮೂರ ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಗೆ ನಾನು ಕೊಟ್ಟ ಲೇಖನಗಳಲ್ಲಿ ಮುಕ್ಕಾಲು ಪಾಲು ಫೋನಿಗೆ ಬಾಯಲ್ಲಿ ಹೇಳಿಯೇ ಬರೆದದ್ದು. 'ಕನ್ನಡದಲ್ಲಿ ಅದೆಲ್ಲ ಆಗ್ಲಿಕ್ಕಿಲ್ಲ ಮಾರಾಯ್ರೆ' ಎಂದು ನಕ್ಕವರೇ ಈಗ ಹೇಗೆ ಮಾಡಿದ್ದು ಎಂದು ಕೇಳುತ್ತಿದ್ದಾರೆ.

ಗೂಗಲ್ ಕೀಬೋರ್ಡಿನ ಧ್ವನಿ ಟೈಪಿಂಗಿಗೆ ಕನ್ನಡ ಬಂದದ್ದು 2017ರಲ್ಲಿ. ಆಗಲೇ ನೋಡಿ ಕೈಬಿಟ್ಟಿದ್ದೆ. 'ಹೊರೆಕಾಣಿಕೆ' ಎಂದರೆ 'ಹೊರಗೆ ಕಾಣಿಕೆ' ಎಂದು ಬರುತ್ತಿತ್ತು. ತುಳು ಮನೆತನದ ಹೆಸರು ಬಂದರಂತೂ ಮುಗಿಯಿತು. ಈ ಸಲ ಶುರು ಮಾಡಿದ್ದು ಆಟಿ ತಿಂಗಳ ಜೋರು ಮಳೆಯಲ್ಲಿ. ಶೀಟಿನ ಮಾಡಿನ ಕೆಳಗೆ ಒಂದು ಸಾಲೂ ನೆಟ್ಟಗೆ ಬೀಳಲಿಲ್ಲ. ಬ್ಲೂಟೂತ್ ಹೆಡ್‌ಸೆಟ್‌ಗೆ ಹತ್ತಿರಹತ್ತಿರ ಎರಡು ಸಾವಿರ ಸುಮ್ನೆ ಹೋಯಿತು. ಕೊನೆಗೆ ಒಗ್ಗಿದ್ದು ಆರುನೂರರ ಆಸುಪಾಸಿನ ವಯರಿನ ಕಾಲರ್ ಮೈಕ್, ಮತ್ತು ಗಾಜು ಏರಿಸಿ ನಿಲ್ಲಿಸಿದ ಕಾರು.

ಶಬ್ದ ಸರಿಯಾದ ಮೇಲೆ ನಿಜವಾದ ಕಷ್ಟ ಕಾಣಿಸಿತು. ಓದಿದರೆ ಬರೀ ಹರಟೆ. ತಾಳಮದ್ದಳೆಯಲ್ಲಿ ಪಾತ್ರದ ಮಾತು ಹೇಳುವ ಅರ್ಥಧಾರಿ ಗೆಳೆಯರೊಬ್ಬರನ್ನು ಕಾರಲ್ಲಿ ಕೂರಿಸಿ ಹೇಳಿಸಿಯೂ ನೋಡಿದೆ. ಕೇಳಲು ಅದ್ಭುತ, ಅಚ್ಚಿಗೆ ಒಂದೇ ಮಾತು ಮೂರು ಸಲ! ಈಗ ಮೊದಲ ಪ್ಯಾರಾ ಪೂರ್ತಿ ಕೈಯಲ್ಲೇ ಬರೆಯುತ್ತೇನೆ. ಉಳಿದದ್ದಕ್ಕೆ ಚೀಟಿಯಲ್ಲಿ ಏಳೆಂಟು ಪದ. ಆ ಪ್ಯಾರಾವನ್ನು ಗಟ್ಟಿಯಾಗಿ ಓದಿ, ಅದೇ ಓಘದಲ್ಲಿ ಮುಂದುವರಿಸುತ್ತೇನೆ. ಪರದೆ ನೋಡುವುದಿಲ್ಲ. ನೋಡಿದರೆ ತಿದ್ದಲು ಕೈ ಹೋಗುತ್ತದೆ, ಮಾತು ಕಡಿಯುತ್ತದೆ.

'ಪೂರ್ಣವಿರಾಮ' ಎಂದರೆ ನನ್ನ ಫೋನಿನಲ್ಲಿ ಆ ಪದವೇ ಟೈಪ್ ಆಗುತ್ತದೆ. ಅದಕ್ಕೆ ಚುಕ್ಕಿ ಬೇಕಾದಲ್ಲಿ ಬೇರೊಂದು ಪದ ಹೇಳಿ, ಕೊನೆಗೆ ಒಟ್ಟಿಗೆ ಬದಲಿಸುತ್ತೇನೆ. ಆ ಪದ ಲೇಖನದಲ್ಲಿ ಬೇರೆಲ್ಲೂ ಬರಬಾರದು, ಫೋನಿಗೂ ಪ್ರತಿ ಸಲ ಸರಿಯಾಗಿ ಕೇಳಬೇಕು. ನನ್ನದು ಯಾವುದೆಂದು ಹೇಳುವುದಿಲ್ಲ, ನೀವೂ ಸ್ವಲ್ಪ ಹುಡುಕಿ.

ಕೈಬರಹದಲ್ಲಿ ಪುಟಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ಈಗ ಹೇಳಲು ಹತ್ತು ನಿಮಿಷ, ತಿದ್ದಲು ಅರ್ಧ ಗಂಟೆ. ತಿದ್ದುವುದು ಪ್ರಿಂಟ್ ತೆಗೆದು, ಪೆನ್ನಲ್ಲೇ. ಡಿಟಿಪಿಗೆ, ಅಂದರೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಲು, ಪುಟಕ್ಕೆ ಮೂವತ್ತರಂತೆ ಮೂರು ಸಾವಿರದಷ್ಟು ಉಳಿಯಿತು ಎಂದು ಬೀಗಿದ್ದೆ. ಆದರೆ ಪ್ರೆಸ್ಸಿನವರದ್ದು ಇನ್ನೂ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟು, ಪುಟ ಜೋಡಿಸಲು ಹಳೆಯ ಪೇಜ್‌ಮೇಕರ್. ಫೋನಿನ ಯೂನಿಕೋಡಿನಿಂದ ಅದಕ್ಕೆ ಬದಲಿಸುವಾಗ ಅರ್ಕಾವೊತ್ತು ಎಲ್ಲೆಲ್ಲೋ ಹೋಗಿ, ಅದನ್ನು ಸರಿಮಾಡಲು ಎಂಟುನೂರು ಕೇಳಿದರು. ಆದರೂ ಲಾಭವೇ ಅಲ್ವಾ?

ದಾನಿಗಳ ಪಟ್ಟಿ ಮಾತ್ರ ಕೈಯಲ್ಲೇ ಬರೆದುಕೊಟ್ಟೆ. ಅದರಲ್ಲಿ ಒಂದು ಹೆಸರು ತಪ್ಪಿದರೂ ಸಮಿತಿಗೆ ಇನ್ನೊಂದು ಮೀಟಿಂಗ್ ಗ್ಯಾರಂಟಿ.