ಹತ್ತಿರದ ಬ್ಯಾಕ್ಟೀರಿಯಾ ಪ್ರಭೇದಗಳನ್ನು ಡಿಎನ್‌ಎಯಿಂದ ಬೇರ್ಪಡಿಸುವ ಬಗೆ

ಅಗಾರ್ ತಟ್ಟೆಯಿಂದ ಒಂಟಿ ಕಾಲೊನಿಯನ್ನು ಎತ್ತಿ, ಎರಡು ಮೂರು ಬಾರಿ ಮತ್ತೆ ಗೆರೆ ಎಳೆದು ಬೆಳೆಸಿದ ಮೇಲೆಯೇ ಡಿಎನ್‌ಎ ತೆಗೆಯಬೇಕು. ಬೆರಕೆಯಾದ ಮಾದರಿಯನ್ನು ಮುಂದಿನ ಯಾವ ಹಂತವೂ ಸರಿಪಡಿಸಲಾರದು.

ಮೊದಲು ಸುಮಾರು 1,500 ಬೇಸ್ ಜೋಡಿಗಳ 16ಎಸ್ ಆರ್‌ಆರ್‌ಎನ್‌ಎ ಜೀನನ್ನು (ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ, ರೈಬೋಸೋಮಿನ ಒಂದು ಭಾಗದ ಜೀನು) ಪಿಸಿಆರ್‌ನಿಂದ ವರ್ಧಿಸಿ, ಎರಡೂ ತುದಿಗಳಿಂದ ಓದಿಸಿ, ಆಯಾ ಪ್ರಭೇದದ ಮಾದರಿ ತಳಿಯೊಂದಿಗೆ (ಆ ಹೆಸರಿಗೆ ಆಧಾರವಾದ ಅಧಿಕೃತ ತಳಿ) ಹೋಲಿಸಿ. ಡೇಟಾಬೇಸ್‌ನಲ್ಲಿ ಮೊದಲು ಕಂಡ ಹೆಸರನ್ನು ಹಾಗೆಯೇ ನಂಬುವುದು ಬೇಡ, ಅಲ್ಲಿ ತಪ್ಪು ಹೆಸರು ಹೊತ್ತ ದಾಖಲೆಗಳೂ ಇವೆ. ಹೋಲಿಕೆ ಶೇ. 98.7ಕ್ಕಿಂತ ಕಡಿಮೆಯಿದ್ದರೆ ಪ್ರಭೇದ ಬೇರೆ ಎನ್ನಲು ಅಡ್ಡಿಯಿಲ್ಲ. ಆದರೆ ಹೆಚ್ಚಿದ್ದ ಮಾತ್ರಕ್ಕೆ ಒಂದೇ ಎನ್ನುವಂತಿಲ್ಲ, ಹಲವರು ಎಡವುವುದು ಇಲ್ಲಿಯೇ: ಬ್ಯಾಸಿಲಸ್ ಸೀರಿಯಸ್, ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಮತ್ತು ಅಂಥ್ರಾಕ್ಸ್ ತರುವ ಬ್ಯಾಸಿಲಸ್ ಅಂಥ್ರಾಸಿಸ್ ಈ ಮೂರರಲ್ಲಿ ಆ ಜೀನು ಶೇ. 99ಕ್ಕೂ ಮೀರಿ ಹೊಂದುತ್ತದೆ.

ಆದ್ದರಿಂದ ಎರಡನೆಯ ಹಂತದಲ್ಲಿ ಆರ್‌ಪಿಒಬಿ, ಜಿವೈಆರ್‌ಬಿಯಂತಹ, ಪ್ರೋಟೀನಿಗೆ ಸಂಕೇತವಾಗಿರುವ ಜೀನುಗಳಿಗೆ ಹೋಗಬೇಕು. ಒಂದು ಅಮೈನೋ ಆಮ್ಲವನ್ನು ಸೂಚಿಸುವ ಮೂರಕ್ಷರದ ಗುಂಪಾದ ಕೋಡಾನ್‌ನ ಮೂರನೆಯ ಅಕ್ಷರ ಬದಲಾದರೂ ಅಮೈನೋ ಆಮ್ಲ ಸಾಮಾನ್ಯವಾಗಿ ಬದಲಾಗುವುದಿಲ್ಲವಾದ್ದರಿಂದ ಇವುಗಳಲ್ಲಿ ವ್ಯತ್ಯಾಸಗಳು ಬೇಗ ಕೂಡಿಕೊಳ್ಳುತ್ತವೆ. ಒಂದೇ ಜೀನನ್ನು ನಂಬಿದರೆ ಅದು ಬೇರೆ ಬ್ಯಾಕ್ಟೀರಿಯಾದಿಂದ ಬಂದು ಸೇರಿಕೊಂಡಿರುವ ಸಾಧ್ಯತೆಯಿರುವುದರಿಂದ, ನಾಲ್ಕೈದು ಜೀನುಗಳನ್ನು ಜೋಡಿಸಿ ವಂಶವೃಕ್ಷ ಬಿಡಿಸುವುದು ಕ್ಷೇಮ.

ಇಡೀ ಜೀನೋಮ್ ಓದಿಸುವ ಅನುಕೂಲವಿದ್ದರೆ ಸರಾಸರಿ ನ್ಯೂಕ್ಲಿಯೋಟೈಡ್ ಸಾಮ್ಯತೆಯನ್ನು, ಅಂದರೆ ಎರಡು ಜೀನೋಮ್‌ಗಳ ಹೊಂದುವ ಭಾಗಗಳಲ್ಲಿ ಅಕ್ಷರಗಳು ಎಷ್ಟು ಒಂದೇ ಆಗಿವೆ ಎಂಬ ಎಎನ್‌ಐಯನ್ನು, ಲೆಕ್ಕಹಾಕಿ. ಶೇ. 95ರಿಂದ 96ರ ಆಸುಪಾಸಿನಲ್ಲಿ ಪ್ರಭೇದದ ಗಡಿಯಿದೆ. ಅಂಕಿ ಗಡಿಯಲ್ಲೇ ನಿಂತರೆ ಡಿಜಿಟಲ್ ಡಿಎನ್‌ಎ ಸಂಕರಣದ (ಎರಡು ಜೀನೋಮ್‌ಗಳ ಡಿಎನ್‌ಎ ಎಷ್ಟು ಬೆಸೆಯಬಲ್ಲದು ಎಂಬ ಕಂಪ್ಯೂಟರ್ ಅಂದಾಜು) ಶೇ. 70ರ ಮಿತಿಯನ್ನೂ ನೋಡಿ.

ಪ್ಲಾಸ್ಮಿಡ್ (ಕ್ರೋಮೋಸೋಮಿನಿಂದ ಪ್ರತ್ಯೇಕವಾಗಿರುವ ಪುಟ್ಟ ಡಿಎನ್‌ಎ) ಮೇಲಿನ ಗುರುತುಗಳ ಬಗ್ಗೆ ಎಚ್ಚರವಿರಲಿ. ಥುರಿಂಜಿಯೆನ್ಸಿಸ್‌ನ ಕೀಟನಾಶಕ ಕ್ರೈ ಜೀನುಗಳೂ ಅಂಥ್ರಾಸಿಸ್‌ನ ವಿಷದ ಜೀನುಗಳೂ ಸಾಮಾನ್ಯವಾಗಿ ಇರುವುದು ಪ್ಲಾಸ್ಮಿಡ್‌ನಲ್ಲಿ, ಅದು ಕಳೆದುಹೋಗಲೂಬಹುದು. ಅಂಥ್ರಾಸಿಸ್‌ಗೆ ಕ್ರೋಮೋಸೋಮಿನಲ್ಲಿರುವ ಪಿಎಲ್‌ಸಿಆರ್ ಜೀನನ್ನು ಮಧ್ಯದಲ್ಲೇ ನಿಲ್ಲಿಸುವ ಒಂದಕ್ಷರದ ರೂಪಾಂತರ ಹೆಚ್ಚು ಭರವಸೆಯ ಗುರುತು. ಶಿಗೆಲ್ಲಾದ ಕಥೆಯೇ ಬೇರೆ: ಜೀನೋಮ್ ಲೆಕ್ಕದಲ್ಲಿ ಅದು ಈ. ಕೋಲೈ ಒಳಗೇ ಬರುತ್ತದೆ, ಪ್ರತ್ಯೇಕ ಹೆಸರು ಉಳಿದಿರುವುದು ವೈದ್ಯಕೀಯ ರೂಢಿಯಿಂದ.

ಮೇಲಿನ ಮೂರು ಬ್ಯಾಸಿಲಸ್‌ಗಳ ವಿಷಯದಲ್ಲಿ, ಕೈಯಲ್ಲಿ 16ಎಸ್ ಫಲಿತಾಂಶ ಮಾತ್ರ ಇದ್ದಾಗ ವರದಿಯಲ್ಲಿ ‘ಬ್ಯಾಸಿಲಸ್ ಸೀರಿಯಸ್ ಗುಂಪು’ ಎಂದಷ್ಟೇ ಬರೆಯಿರಿ.