ಬೆಲ್ಜಿಯಂಗೆ ಹೊರಟ ಅಜ್ಜಿ-ತಾತಂದಿರಿಗೆ ಒಬ್ಬ ರಿಟೈರ್ಡ್ ಕಂಡಕ್ಟರ್ ಹೇಳುವ ಮಾತು

ಹಾಸನದ ಮಹಾರಾಜ ಪಾರ್ಕಿನಲ್ಲಿ ಬೆಳಿಗ್ಗೆ ನನ್ನ ಜೊತೆ ನಡೆಯುವವರು ಏಳು ಜನ. ಅದರಲ್ಲಿ ನಾಲ್ವರ ಮಕ್ಕಳು ಹೊರದೇಶದಲ್ಲಿದ್ದಾರೆ. ಹೋದ ವಾರ ಒಬ್ಬರು ಹಿಡಿದು ನಿಲ್ಲಿಸಿದರು. "ನಮ್ಮ ಹುಡುಗಿಯೂ ಬೆಲ್ಜಿಯಂ ಸೇರಿಕೊಂಡಳು ಕಣಪ್ಪಾ, ಈಗ ಮಗು ಬೇರೆ. ಬನ್ನಿ ಬನ್ನಿ ಅಂತಾಳೆ. ಹೋಗಿ ಮಾಡೋದೇನು ಹೇಳು" ಅಂದರು. ಮೂರು ದಿನ ನಡೆಯುತ್ತಾ ಹೇಳಿದೆ, ಮುಗಿಯಲಿಲ್ಲ. ಅದಕ್ಕೇ ಬರೆದುಬಿಡೋಣ ಅಂತ ಕೂತಿದ್ದೇನೆ.

ನಾನು ಕೆಎಸ್ಆರ್‌ಟಿಸಿಯಲ್ಲಿ 31 ವರ್ಷ ಕಂಡಕ್ಟರ್ ಆಗಿದ್ದವನು. ಮಗಳ ಮನೆ ಇರುವುದು ಲೂವೆನ್ ಊರಿನಲ್ಲಿ, ಬ್ರಸೆಲ್ಸ್‌ನಿಂದ ರೈಲಿನಲ್ಲಿ ಅರ್ಧ ಗಂಟೆ. ಎರಡು ಸಲ ಹೋಗಿಬಂದಿದ್ದೇವೆ. ಮೊದಲ ಸಲ ನಾವು ಮಾಡಿದ ಸಹಾಯಕ್ಕಿಂತ ಕೊಟ್ಟ ತೊಂದರೆಯೇ ಜಾಸ್ತಿ. ಎರಡನೇ ಸಲ ಪರವಾಗಿಲ್ಲ, ಪಾಸಾದೆವು.

ಯಾವಾಗ ಹೋಗಬೇಕು

ಹೆರಿಗೆಗೇ ಓಡಬೇಡಿ. ಇದನ್ನು ಹೇಳಿದರೆ ನಮ್ಮನೆಯವಳಿಗೆ ಈಗಲೂ ಕೋಪ ಬರುತ್ತದೆ. ಬಾಣಂತನ ಮಾಡದ ತಾಯಿ ಎಂಥ ತಾಯಿ ಅನ್ನುತ್ತಾಳೆ. ಆದರೆ ಲೆಕ್ಕ ನೋಡಿ. ಅಲ್ಲಿ ಕೆಲಸಕ್ಕೆ ಹೋಗುವ ತಾಯಿಗೆ ಹೆರಿಗೆ ರಜೆ 15 ವಾರ. ಅಪ್ಪನಿಗೂ 20 ದಿನ ರಜೆ. ಆಸ್ಪತ್ರೆಯಿಂದ ಬಂದ ಮೇಲೆ ಸೂಲಗಿತ್ತಿಯೇ ಮನೆಗೆ ಬಂದು ತಾಯಿ-ಮಗು ಇಬ್ಬರನ್ನೂ ನೋಡಿ ಹೋಗುತ್ತಾಳೆ. ಅಷ್ಟು ದಿನ ಹೇಗೋ ನಡೆಯುತ್ತದೆ. ಕಷ್ಟ ಶುರುವಾಗುವುದು ರಜೆ ಮುಗಿದು, ಮೂರು-ನಾಲ್ಕು ತಿಂಗಳ ಕೂಸನ್ನು ಶಿಶುಪಾಲನಾ ಕೇಂದ್ರಕ್ಕೆ ಬಿಟ್ಟು ಮಗಳು ಆಫೀಸಿಗೆ ಹೊರಟ ದಿನ. ಕೇಂದ್ರದಲ್ಲಿ ಹತ್ತು ಮಕ್ಕಳ ನೆಗಡಿ ಒಂದಕ್ಕೊಂದು ಅಂಟುತ್ತದೆ. ಜ್ವರ ಬಂದರೆ ಕರೆದುಕೊಂಡು ಹೋಗಿ ಅಂತ ಫೋನು. ನಿಮ್ಮ ಅಗತ್ಯ ಇರುವುದು ಆಗ.

ವೀಸಾ ಸಿಗುವುದು ಹೆಚ್ಚೆಂದರೆ 90 ದಿನಕ್ಕೆ, ಅದೂ 180 ದಿನದೊಳಗೆ ಒಟ್ಟು 90. ಇಳಿದ ದಿನವೂ ಲೆಕ್ಕಕ್ಕೆ, ಹೊರಟ ದಿನವೂ ಲೆಕ್ಕಕ್ಕೆ. ನಾವು ಎರಡನೇ ಸಲ ಹಾಸನಾಂಬೆಯ ದರ್ಶನ ಮುಗಿಸಿಕೊಂಡು ನವೆಂಬರ್‌ನಲ್ಲಿ ಹೋದೆವು, 88ನೇ ದಿನಕ್ಕೆ ವಾಪಸು ಟಿಕೆಟ್ ಮಾಡಿಸಿದ್ದೆ. ಎರಡು ದಿನ ಕೈಯಲ್ಲಿರಲಿ. 30,000 ಯೂರೋ ತನಕ ಖರ್ಚು ಕೊಡುವ ಪ್ರಯಾಣ ವಿಮೆ ಇಲ್ಲದೆ ವೀಸಾ ಆಗುವುದಿಲ್ಲ. ಹೋಟೆಲ್‌ನಲ್ಲಿ ಉಳಿಯದೆ ಮಗಳ ಮನೆಯಲ್ಲಿ ಇಳಿದರೆ, ಮೂರು ಕೆಲಸದ ದಿನದೊಳಗೆ ಆ ಊರಿನ ನಗರಸಭೆಗೆ ತಿಳಿಸಬೇಕು. ಮಗಳು ಆಮೇಲೆ ಹೋಗೋಣ ಅಂದರೆ ಬಿಡಬೇಡಿ.

ಬ್ಯಾಗಿಗೆ ಏನು ಹಾಕಬೇಕು

ತುಪ್ಪ ಬೇಡ. ಹಾಲಿನಿಂದ ಮಾಡಿದ್ದು, ಮಾಂಸದ್ದು ಯಾವುದನ್ನೂ ನಮ್ಮ ದೇಶದಿಂದ ಅಲ್ಲಿಗೆ ಒಯ್ಯುವ ಹಾಗಿಲ್ಲ. ನಮ್ಮನೆಯವಳು ಹದಿನೈದು ದಿನ ಬೆಣ್ಣೆ ಕೂಡಿಟ್ಟು, ಕಾಯಿಸಿ, ಎರಡು ಡಬ್ಬಿ ತುಂಬಿಸಿಟ್ಟಿದ್ದಳು. ಹೊರಡುವ ಹಿಂದಿನ ದಿನ ಅಳಿಯ ಫೋನಲ್ಲಿ ಹೇಳಿದ. ಆ ತುಪ್ಪ ಪಕ್ಕದ ಮನೆಯವರ ಪಾಲಾಯಿತು. ಅಲ್ಲಿ ಒಳ್ಳೆಯ ಬೆಣ್ಣೆ ಸಿಗುತ್ತದೆ, ಹೋದ ಮೇಲೆ ಕಾಯಿಸಿ. ಹಸಿ ಕರಿಬೇವು, ಮಾವಿನಹಣ್ಣು, ಬಿತ್ತನೆ ಬೀಜ ಇವಕ್ಕೆಲ್ಲ ಸರ್ಟಿಫಿಕೇಟ್ ಕೇಳುತ್ತಾರೆ. ತೆಂಗಿನಕಾಯಿ, ಬಾಳೆಹಣ್ಣಿಗೆ ಕೇಳುವುದಿಲ್ಲ. ರಾಗಿ ಹಿಟ್ಟು, ಹುರುಳಿಕಾಳು, ಸಾರಿನ ಪುಡಿ, ಚಿಕ್ಕಮಗಳೂರಿನ ಕಾಫಿಪುಡಿ ಧಾರಾಳವಾಗಿ ಹಾಕಿಕೊಳ್ಳಿ. ಕೂಸಿಗೆ ಆರು ತಿಂಗಳಾಗುತ್ತಿದ್ದರೆ, ರಾಗಿ ಮೊಳಕೆ ಕಟ್ಟಿಸಿ ಸರಿ ಹಿಟ್ಟು ಮಾಡಿಕೊಂಡು ಹೋಗಿ. ಅದರಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ಮನೆಯ ಟೈಮಿಂಗ್

ಇದೇ ಮುಖ್ಯ. ಚಿಕ್ಕ ಮಕ್ಕಳಿರುವ ಬೆಲ್ಜಿಯಂ ಮನೆ ಒಂದು ಬಸ್ ಶೆಡ್ಯೂಲ್ ಇದ್ದ ಹಾಗೆ. ಮೊದಲ ಟ್ರಿಪ್ ಲೇಟಾದರೆ ರಾತ್ರಿ ಕೊನೆಯ ಟ್ರಿಪ್ ತನಕ ಲೇಟು. ಆಳುಕಾಳು ಇಲ್ಲ, ಪಕ್ಕದ ಮನೆ ಅಂತ ಕೂಗುವ ಹಾಗಿಲ್ಲ, ಗಂಡ-ಹೆಂಡತಿ ಇಬ್ಬರೇ ಎಲ್ಲ.

ಅಲ್ಲಿ ಮಕ್ಕಳು ಎರಡೂವರೆ ವರ್ಷಕ್ಕೇ ಶಾಲೆಗೆ ಹೋಗಬಹುದು. ಐದು ವರ್ಷಕ್ಕೆ ಕಡ್ಡಾಯ. ಮೊಮ್ಮಗನಿಗೆ ಆಗ ನಾಲ್ಕು. ಬೆಳಿಗ್ಗೆ ಎಂಟೂವರೆಗೆ ಶಾಲೆಯ ಗಂಟೆ. ಡಿಸೆಂಬರ್‌ನಲ್ಲಿ ಆ ಹೊತ್ತಿಗೆ ಇನ್ನೂ ಕತ್ತಲೆ. ಏಳರಿಂದ ಎಂಟೂಕಾಲರ ತನಕ ಆ ಮನೆಯಲ್ಲಿ ನಡೆಯುವ ಗಲಾಟೆ ನೋಡಿದರೆ ನಮ್ಮ ಬಸ್‌ಸ್ಟ್ಯಾಂಡಿನ ಹಬ್ಬದ ಹಿಂದಿನ ರಾತ್ರಿ ನೆನಪಾಗುತ್ತದೆ. ಆಗ ಅಜ್ಜಿ-ತಾತ ಮಾಡಬೇಕಾದ ದೊಡ್ಡ ಸಹಾಯ ಅಂದರೆ ಬಚ್ಚಲಿಗೆ ಹೋಗದೆ ಇರುವುದು. ಇರುವುದೇ ಒಂದು. ಆರೂವರೆಗೇ ಎದ್ದು ಮುಗಿಸಿಕೊಳ್ಳಿ, ಇಲ್ಲವೇ ಎಂಟೂಕಾಲಾಗಲಿ. ತಿಂಡಿ ಏನು ಮಾಡಲಿ ಅಂತ ಆಗ ಕೇಳಲೂ ಬೇಡಿ.

ಊಟದ ಡಬ್ಬಿ ಹಿಂದಿನ ರಾತ್ರಿಯೇ ತಯಾರಾಗಲಿ. ಡಬ್ಬಿ ಅಂದರೆ ನಮ್ಮ ಕ್ಯಾರಿಯರ್ ಅಲ್ಲ. ಅಲ್ಲಿನ ಮಕ್ಕಳ ಮಧ್ಯಾಹ್ನದ ಊಟ ಬ್ರೆಡ್ಡು. ಬೆಣ್ಣೆ ಹಚ್ಚಿ, ಚೀಸೋ ಚಾಕೊಲೇಟೋ ಇಟ್ಟು ಮಡಚಿದ್ದು. ಹತ್ತು ಗಂಟೆಗೆ ಒಂದು ಹಣ್ಣು, ಕುಡಿಯಲು ನೀರು. ನಾವು ಮೊದಲ ವಾರ ಅಕ್ಕಿ ರೊಟ್ಟಿ ಹಾಕಿ ಕಳಿಸಿದೆವು. ಬಿಸಿ ಮಾಡಿಕೊಡುವವರಿಲ್ಲ. ಮಧ್ಯಾಹ್ನಕ್ಕೆ ಅದು ಚಪ್ಪಲಿ ಅಟ್ಟೆ ಆಗಿತ್ತು, ಹಾಗೇ ವಾಪಸು ಬಂತು. ಆಮೇಲೆ ಮೆತ್ತನೆಯ ಚಪಾತಿಗೆ ಬೆಣ್ಣೆ-ಬೆಲ್ಲ ಸವರಿ, ಸುತ್ತಿ, ತುಂಡು ಮಾಡಿ ಹಾಕಿದೆವು. ಖಾಲಿಯಾಗಿ ಬಂತು. ಕಡಲೆಕಾಯಿ ಬೀಜದ ಚಟ್ನಿಪುಡಿ ಹಾಕುವ ಮುಂಚೆ ಮಗಳನ್ನು ಕೇಳಿ. ಕೆಲವು ಮಕ್ಕಳಿಗೆ ಅದು ಆಗಿಬರುವುದಿಲ್ಲ ಅಂತ ಕೂಡದು ಅನ್ನುವ ಶಾಲೆಗಳಿವೆ.

ಶಾಲೆ ಬಿಡುವುದು ಸುಮಾರು ಮೂರೂವರೆಗೆ. ಬುಧವಾರ ಮಾತ್ರ ಅರ್ಧ ದಿನ, ಊಟದ ಹೊತ್ತಿಗೇ ಬಿಡುತ್ತಾರೆ. ಕೆಲಸಕ್ಕೆ ಹೋಗುವ ಅಪ್ಪ-ಅಮ್ಮಂದಿರಿಗೆ ಬುಧವಾರ ಬಂದರೆ ತಲೆನೋವು. ನೀವು ಅಲ್ಲಿರುವಷ್ಟು ದಿನ ಬುಧವಾರ ನಿಮ್ಮದು ಅಂತ ಹೇಳಿಬಿಡಿ. ಆದರೆ ಮಗುವನ್ನು ಕರೆತರಲು ಸುಮ್ನೆ ಹೋಗಿ ನಿಂತರೆ ಕೊಡುವುದಿಲ್ಲ. ಮೊದಲೇ ಮಗಳು ನಿಮ್ಮನ್ನು ಕರೆದುಕೊಂಡು ಹೋಗಿ ಟೀಚರಿಗೆ ಪರಿಚಯ ಮಾಡಿಸಿ, ಹೆಸರು ಬರೆಸಿರಬೇಕು.

ಈಗ ಅಸಲಿ ವಿಷಯ. ಇಡೀ ದಿನ ಅಡುಗೆಮನೆ ಹಿಡಿದು ಕೂರಬೇಡಿ. ಮನೆ ಒರೆಸಬೇಡಿ. ಬೀರು ಜೋಡಿಸಬೇಡಿ. (ಮೊದಲ ಸಲ ನಮ್ಮನೆಯವಳು ಮಗಳ ಇಡೀ ಅಡುಗೆಮನೆ ಜೋಡಿಸಿಟ್ಟಳು. ಅವಳಿಗೆ ಆರು ತಿಂಗಳು ಜರಡಿ ಸಿಗಲಿಲ್ಲವಂತೆ.) ಸಂಜೆ ನಾಲ್ಕರಿಂದ ಏಳೂವರೆ ತನಕದ ಹೊತ್ತನ್ನು ಪೂರ್ತಿ ನೀವು ತೆಗೆದುಕೊಳ್ಳಿ. ಮಗು ಶಾಲೆಯಿಂದ ಸುಸ್ತಾಗಿ ಬಂದಿರುತ್ತದೆ, ಕೂಸು ರಗಳೆ ಮಾಡುತ್ತದೆ, ಮಗಳು ಐದೂವರೆಗೆ ಬಂದವಳು ಕೋಟು ಬಿಚ್ಚುವ ಮುಂಚೆ ಒಲೆ ಹಚ್ಚಬೇಕು. ಅಲ್ಲಿ ಮಕ್ಕಳ ಊಟ ಆರಕ್ಕೆ, ನಿದ್ದೆ ಏಳೂವರೆಗೆ. ನಮ್ಮ ಹಾಗೆ ಒಂಬತ್ತಕ್ಕಲ್ಲ. ಮೊದಲ ಸಲ ನಾನು ಒಂಬತ್ತೂವರೆ ತನಕ ಮೊಮ್ಮಗನನ್ನು ಎತ್ತಿ ಆಡಿಸುತ್ತಿದ್ದೆ. ಬೆಳಿಗ್ಗೆ ಅವನೂ ಅಳುತ್ತಿದ್ದ, ಅವರಮ್ಮನೂ ಅಳುವ ಹಾಗಿದ್ದಳು. ಎರಡನೇ ಸಲ ಆರು ಗಂಟೆಗೆ ಸರಿಯಾಗಿ ಮುದ್ದೆ-ಬಸ್ಸಾರೋ ಅನ್ನ-ತಿಳಿಸಾರೋ ಮೇಜಿನ ಮೇಲೆ ಇರುತ್ತಿತ್ತು. ಏಳಕ್ಕೆ ಹಲ್ಲುಜ್ಜಿಸಿ, ಕಥೆ ಹೇಳಿ, ಲೈಟ್ ಆಫ್. ಮಗಳು ಒಂದು ದಿನ ಸೋಫಾದ ಮೇಲೆ ಕೂತು ಬಿಸಿ ಕಾಫಿ ಕುಡಿದಳು. ನಾಲ್ಕು ವರ್ಷದಲ್ಲಿ ಬಿಸಿಯಾಗಿರುವಾಗಲೇ ಕುಡಿದದ್ದು ಇದೇ ಮೊದಲು ಅಂದಳು.

ಬೇಸಿಗೆಗೆ ಹೋದರೆ ಇನ್ನೊಂದು ತಮಾಷೆ. ಜೂನ್‌ನಲ್ಲಿ ರಾತ್ರಿ ಹತ್ತಕ್ಕೆ ಸೂರ್ಯ ಮುಳುಗುವುದು. ದಪ್ಪ ಪರದೆ ಎಳೆದು ಹಗಲಿನಲ್ಲೇ ಮಕ್ಕಳನ್ನು ಮಲಗಿಸಬೇಕು.

ಕೂಸಿಗೆ ನೀರು ಹಾಕುವುದು

ಎಣ್ಣೆ ತಿಕ್ಕಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಬಚ್ಚಲ ನೆಲದಲ್ಲಿ ನೀರು ಹೋಗುವ ತೂಬು ಇರುವುದಿಲ್ಲ. ಕಾಲು ಚಾಚಿ ಕೂತು, ಕೂಸನ್ನು ಮಲಗಿಸಿಕೊಂಡು ಚೊಂಬಿನಲ್ಲಿ ಹುಯ್ದರೆ ನೀರು ಕೆಳಗಿನ ಮನೆಯವರ ತಲೆ ಮೇಲೆ. ಟಬ್ಬಿನೊಳಗೇ ಎಲ್ಲ ಮುಗಿಯಬೇಕು. ನೀರು 37 ಡಿಗ್ರಿ, ಅದಕ್ಕೊಂದು ಥರ್ಮಾಮೀಟರ್ ಇಟ್ಟಿರುತ್ತಾರೆ. ನಮ್ಮ ಕೈಗೆ ಅದು ತಣ್ಣಗೇ ಅನ್ನಿಸುತ್ತದೆ, ಇರಲಿ ಬಿಡಿ.

ಸಾಂಬ್ರಾಣಿ ಮಾತ್ರ ಬೇಡವೇ ಬೇಡ. ಮಗಳ ಮನೆ ಇರುವ ಫ್ಲಾಂಡರ್ಸ್ ಭಾಗದಲ್ಲಿ 2020ರಿಂದ ಎಲ್ಲ ಮನೆಗೂ ಹೊಗೆ ಕಂಡರೆ ಕೂಗುವ ಯಂತ್ರ ಕಡ್ಡಾಯ. ಮಗಳು-ಅಳಿಯ ಇಲ್ಲದ ಹೊತ್ತು ನೋಡಿ ನಮ್ಮನೆಯವಳು ಚಿಪ್ಪಿನ ಕೆಂಡದ ಮೇಲೆ ಒಂದು ಚಿಟಿಕೆ ಉದುರಿಸಿದಳು ಅಷ್ಟೇ. ಅದರ ಕೂಗಿಗೆ ಕೂಸು ಬೆಚ್ಚಿ ಅತ್ತಿತು, ನಾನು ಕುರ್ಚಿ ಹತ್ತಿ ಟವೆಲ್ ಬೀಸಿದೆ, ಮೇಲಿನ ಮನೆಯ ಮುದುಕಿ ಬಾಗಿಲು ಬಡಿದಳು. ಏನು ಅಂತ ಯಾವ ಭಾಷೆಯಲ್ಲಿ ಹೇಳಲಿ?

ಮಲಗಿಸುವುದು ಅಂಗಾತ. ದಿಂಬು ಇಲ್ಲ, ಹೊದಿಕೆ ಇಲ್ಲ, ತೋಳು ಹೊರಗಿರುವ ಒಂದು ಚೀಲದೊಳಗೆ ಕೂಸನ್ನು ಹಾಕಿ ಜಿಪ್ ಎಳೆಯುತ್ತಾರೆ. ಉಸಿರುಗಟ್ಟಬಾರದು ಅಂತ. ಕೋಣೆ 18 ಡಿಗ್ರಿ. ರಾತ್ರಿ ಕದ್ದು ಹೋಗಿ ಕಂಬಳಿ ಹೊದಿಸಬೇಡಿ, ಅದು ಅಪಾಯ. ದೃಷ್ಟಿ ಬೊಟ್ಟು ಇಡಲೇಬೇಕು ಅನ್ನಿಸಿದರೆ ಅಂಗಾಲಿಗೆ ಇಡಿ. ಕೆನ್ನೆಗೆ ಇಟ್ಟದ್ದನ್ನು ಶಿಶುಪಾಲನಾ ಕೇಂದ್ರದವರು ಇಂಕು ಅಂತ ದಿನಾ ಒರೆಸಿ ಕಳಿಸುತ್ತಿದ್ದರು.

ಬಿಸಿಲು ಕಡಿಮೆ, ಅದಕ್ಕೆ ಆರು ವರ್ಷದ ತನಕ ದಿನಾ ವಿಟಮಿನ್ ಡಿ ಹನಿ ಹಾಕಿ ಅಂತ ಅಲ್ಲಿ ಹೇಳುತ್ತಾರೆ. ನೆನಪಿಟ್ಟು ಹಾಕುವ ಕೆಲಸ ಅಜ್ಜಿ ವಹಿಸಿಕೊಳ್ಳಬಹುದು. ಇನ್ನು ನಿಮ್ಮ ಬಿಪಿ, ಶುಗರ್ ಮಾತ್ರೆ. ಮೇಜಿನ ಮೇಲೆ ಇಡಬೇಡಿ, ಹ್ಯಾಂಡ್‌ಬ್ಯಾಗಿನಲ್ಲೂ ಬೇಡ, ಮಕ್ಕಳ ಕೈಗೆ ಸಿಗದ ಕಡೆ ಮೇಲಿಡಿ. ತುರ್ತಿಗೆ 112. ಮಗು ಏನಾದರೂ ನುಂಗಿದರೆ ಕೇಳಲು ವಿಷದ ಮಾಹಿತಿ ಕೇಂದ್ರ ಹಗಲೂ ರಾತ್ರಿ ಇರುತ್ತದೆ, 070 245 245. ಎರಡೂ ನಂಬರ್ ಫ್ರಿಜ್ಜಿನ ಮೇಲೆ ಅಂಟಿಸಿ.

ರೈಟ್, ಹೋಲ್ಡಾನ್

ಮಳೆ ಇರಲಿ, ಚಳಿ ಇರಲಿ, ಮಕ್ಕಳನ್ನು ದಿನಾ ಹೊರಗೆ ಬಿಡಬೇಕು. ಮಳೆಗೆ ಮೈ ಪೂರ್ತಿ ಮುಚ್ಚುವ ಅಂಗಿ, ಬೂಟು ಇರುತ್ತವೆ. ಸಕಲೇಶಪುರದ ಮಳೆ ನೋಡಿದವರಿಗೆ ಅದೇನು ಮಳೆಯಲ್ಲ. ಭಯ ಇರುವುದು ಸೈಕಲ್ಲಿನದು. ಫುಟ್‌ಪಾತ್ ಪಕ್ಕದಲ್ಲೇ ಸೈಕಲ್ ದಾರಿ, ಕೆಲವು ಕಡೆ ಕೆಂಪು ಬಣ್ಣ. ಚೆನ್ನಾಗಿದೆ ಅಂತ ಅದರ ಮೇಲೆ ನಡೆಯಬೇಡಿ. ಮುಂದೆ ಮರದ ಪೆಟ್ಟಿಗೆ ಇರುವ ಸೈಕಲ್ಲಿನಲ್ಲಿ ಮೂರು ಮಕ್ಕಳನ್ನು ಕೂರಿಸಿಕೊಂಡು ತಾಯಂದಿರು ಬಸ್ಸಿನ ಹಾಗೆ ಬರುತ್ತಾರೆ. ನಾನು ಮೊಮ್ಮಗನಿಗೆ ಕಲಿಸಿದ್ದು ಎರಡೇ ಮಾತು. ರಸ್ತೆ ಅಂಚಿಗೆ ಬಂದರೆ "ಹೋಲ್ಡಾನ್". ಎರಡೂ ಕಡೆ ನೋಡಿದ ಮೇಲೆ "ರೈಟ್". ಒಂದು ವಾರದಲ್ಲಿ ಅವನೇ ನನಗೆ ಹೋಲ್ಡಾನ್ ಹೇಳತೊಡಗಿದ.

ಸಿಟಿ ಬಸ್ಸಿಗೂ ಹತ್ತಿಸಿ. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಕಂಡಕ್ಟರೂ ಇಲ್ಲ, ಅದೊಂದು ಬೇಜಾರು.

ಭಾಷೆಗೆ ಹೆದರಬೇಡಿ. ಶಾಲೆಯಲ್ಲಿ ಡಚ್ಚು, ಮನೆಯಲ್ಲಿ ಅಪ್ಪ-ಅಮ್ಮ ಅರ್ಧ ಇಂಗ್ಲಿಷ್. ಪೂರ್ತಿ ಕನ್ನಡ ಸಿಗುವುದು ನಿಮ್ಮಿಂದಲೇ, ಅಲ್ವಾ? ನಿಮ್ಮ ಮುರುಕು ಇಂಗ್ಲಿಷ್ ಅವರಿಗೆ ಬೇಡ. ಮೊದಲ ದಿನ ಅವನು "ತಾತಾ, ಕೈಕ್ ಕೈಕ್" ಅಂದ. ಕೈಗೆ ಏನಾಯಿತೋ ಅಂತ ಅವನ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಡಚ್ಚಿನಲ್ಲಿ ಅದು "ನೋಡು" ಅಂತೆ. ಕಿಟಕಿಯಾಚೆ ಹಿಮ ಬೀಳುತ್ತಿತ್ತು.

ಆಲೂಗಡ್ಡೆಯ ಊರಿನವರು ನಾವು, ಅಲ್ಲಿನ ಫ್ರೈಸ್ ತಿನ್ನದೆ ಬರಬಾರದು. ಎರಡು ಸಲ ಕರಿಯುತ್ತಾರೆ. ಸಸ್ಯಾಹಾರಿಗಳು ಮಾತ್ರ ಮೊದಲು ಕೇಳಿ. ಎಷ್ಟೋ ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲೇ ಕರಿಯುವುದು ಹಳೆಯ ಪದ್ಧತಿ. ಎಣ್ಣೆಯಲ್ಲಿ ಕರಿಯುವವರೂ ಇದ್ದಾರೆ.

ಚಳಿಗಾಲಕ್ಕೆ ಹೋದವರಿಗೆ ಎರಡು ಹಬ್ಬ

ಡಿಸೆಂಬರ್ 6 ಸಂತ ನಿಕೋಲಸ್ ಹಬ್ಬ, ಮಕ್ಕಳದೇ ಹಬ್ಬ. ಹಿಂದಿನ ರಾತ್ರಿ ಮಕ್ಕಳು ಶೂ ಇಟ್ಟು, ಸಂತನ ಕುದುರೆಗೆ ಅಂತ ಒಂದು ಕ್ಯಾರೆಟ್ ಇಡುತ್ತಾರೆ. ಬೆಳಗಾಗುವುದರೊಳಗೆ ಕ್ಯಾರೆಟ್ ಹೋಗಿ ಕಿತ್ತಳೆ, ಚಾಕೊಲೇಟ್, ಮಸಾಲೆ ಬಿಸ್ಕತ್ತು ಬಂದಿರಬೇಕು. ಕ್ಯಾರೆಟ್ ಕಚ್ಚಿ ತುಂಡು ಬಿಡುವ ಕೆಲಸ ತಾತನದು. ಕಟ್ಟಿಸಿದ ಹಲ್ಲಾದರೆ ಅಳಿಯನಿಗೆ ವಹಿಸಿ.

ಜನವರಿ 1ಕ್ಕೆ ಮಕ್ಕಳು ಶಾಲೆಯಲ್ಲಿ ಮಾಡಿದ ಚಿತ್ರದ ಕಾಗದ ಹಿಡಿದು, ಸ್ಟೂಲ್ ಹತ್ತಿ ನಿಂತು, ಅಜ್ಜಿ-ತಾತನಿಗೆ ಹೊಸ ವರ್ಷದ ಪದ್ಯ ಒಪ್ಪಿಸುತ್ತಾರೆ. ನಮ್ಮವನಿಗೆ ಓದಲು ಬರುತ್ತಿರಲಿಲ್ಲ, ಎಲ್ಲ ಬಾಯಿಪಾಠ. ಒಂದಕ್ಷರ ನಮಗೆ ತಿಳಿಯಲಿಲ್ಲ. ಮಧ್ಯೆ ಚಪ್ಪಾಳೆ ತಟ್ಟಬೇಡಿ, ಅವರು ಮತ್ತೆ ಮೊದಲಿಂದ ಶುರು ಮಾಡುತ್ತಾರೆ. ಮುಗಿದ ಮೇಲೆ ಕೈಗೆ ಏನಾದರೂ ಕಾಸು ಕೊಡುವುದು ರೂಢಿ. ಚಿಲ್ಲರೆ ಮೊದಲೇ ಇಟ್ಟುಕೊಂಡಿರಿ, ಇದನ್ನು ನಾನು ಹೇಳಬೇಕಾ.

ಊರಿಗೆ ಬಂದ ಮೇಲೆ ಫೋನ್ ಮಾಡಲು ಬುಧವಾರವೇ ಸರಿ. ಅಲ್ಲಿ ಮಧ್ಯಾಹ್ನ ಒಂದು ಗಂಟೆ ಆದಾಗ ಹಾಸನದಲ್ಲಿ ಚಳಿಗಾಲದಲ್ಲಿ ಸಂಜೆ ಐದೂವರೆ, ಬೇಸಿಗೆಯಲ್ಲಿ ನಾಲ್ಕೂವರೆ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಅವರು ಗಡಿಯಾರ ಬದಲಿಸುತ್ತಾರೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಐದು ನಿಮಿಷಕ್ಕಿಂತ ಜಾಸ್ತಿ ಎಳೆಯಬೇಡಿ. ನಮ್ಮವನು ಆಟಕ್ಕೆ ಹೋಗುವ ಆತುರದಲ್ಲಿ ಅತ್ತ ಕಡೆಯಿಂದ "ತಾತಾ, ರೈಟ್ ರೈಟ್" ಅಂದು ಫೋನ್ ಇಟ್ಟುಬಿಡುತ್ತಾನೆ.